ಜೋಗ ನೋಡಲು ರೈಲಿನಲ್ಲಿ ಹೋದರೆ ತಾಳಗುಪ್ಪದಲ್ಲಿ ಇಳಿಯಬೇಕಾ, ಸಾಗರದಲ್ಲಾ?

'ಹತ್ತಿರದ ಸ್ಟೇಷನ್ ತಾಳಗುಪ್ಪ, ಹೋಗಿಬರುವ ಟಿಕೆಟ್ ಅಲ್ಲಿಗೇ ಮಾಡಿಸಲಾ' ಅಂತ ಕೇಳಿದ್ದೀರಿ. ನಾನೂ ಮ್ಯಾಪ್ ನೋಡಿ ಇದೇ ಲೆಕ್ಕ ಹಾಕಿದ್ದೆ. ಜೋಗಕ್ಕೆ ಸಾಗರದಿಂದ ಸುಮಾರು 30 ಕಿಲೋಮೀಟರ್, ತಾಳಗುಪ್ಪದಿಂದ ಅದರ ಅರ್ಧ. ಖುಷಿಯಿಂದ ಎರಡೂ ಟಿಕೆಟ್ ತಾಳಗುಪ್ಪಕ್ಕೇ ಮಾಡಿಸಿದೆ.

ಮೈಸೂರಿನಿಂದ ಬೆಂಗಳೂರು ಮೇಲೆ ಬರುವ ರಾತ್ರಿ ರೈಲು ಅದು. ಬೆಳಿಗ್ಗೆ ಸಾಗರದಲ್ಲೇ ಬೋಗಿ ಮುಕ್ಕಾಲು ಖಾಲಿಯಾಯಿತು. ಆಗಲೇ ಅನುಮಾನ ಬರಬೇಕಿತ್ತು. ತಾಳಗುಪ್ಪದಲ್ಲಿ ಹಳಿಯೇ ಮುಗಿಯುತ್ತದೆ. 1899ರಲ್ಲಿ ಬೀರೂರಿನಿಂದ ಶಿವಮೊಗ್ಗ ತಲುಪಿದ ಮೀಟರ್ ಗೇಜ್, ಆನಂದಪುರ, ಸಾಗರ ದಾಟಿ 1940ರ ಹೊತ್ತಿಗೆ ಇಲ್ಲಿಗೆ ಬಂದು ನಿಂತಿತು. ಇವತ್ತಿಗೂ ನಿಂತೇ ಇದೆ. ಬ್ರಾಡ್‌ಗೇಜ್ ಆಗುವ ಮೊದಲು ಇಲ್ಲಿ ಹಳಿ ಮೇಲೆ ಓಡುವ ಬಸ್ಸಿನಂಥ ರೈಲ್ ಬಸ್ ಓಡುತ್ತಿತ್ತು, ನೋಡಿದವರು ಇನ್ನೂ ನೆನೆಸಿಕೊಳ್ಳುತ್ತಾರೆ. ನಾನಿಳಿದಾಗ ಹೊರಗೆ ಎರಡು ಆಟೋ ಇದ್ದವು. ಎರಡೂ ಕಣ್ಣೆದುರೇ ಹೊರಟುಹೋದವು. ಬಸ್ಸಿಗೆ ಕಾದೆ, ಕಾದೆ.

ಅದು ತಪ್ಪಲ್ಲ ಬಿಡಿ, ಬರೀ ಪೆದ್ದತನ. ನಿಜವಾದ ತಪ್ಪು ಸಂಜೆಯದು. ಜೋಗದಿಂದ ಬರುವ ಬಸ್ ತಾಳಗುಪ್ಪದ ಮೇಲೇ ಸಾಗರಕ್ಕೆ ಹೋಗುತ್ತದೆ. ರೈಲಿಗೆ ಇನ್ನೂ ಹೊತ್ತಿತ್ತು, ಹೊಟ್ಟೆ ಹಸಿದಿತ್ತು. ಸಾಗರದಲ್ಲಿ ಊಟ ಮಾಡಿ ಅಲ್ಲೇ ಹತ್ತಿದರಾಯಿತು, ರೈಲು ಹೇಗೂ ಅಲ್ಲಿಗೇ ಬರುತ್ತದಲ್ಲ ಅಂದುಕೊಂಡೆ. ರೈಲು ಬಂತು. ನನ್ನ ಬರ್ತ್ ಮೇಲೆ ಯಾರೋ ಆಗಲೇ ಹೊದ್ದು ಮಲಗಿದ್ದರು! ಟಿಕೆಟ್‌ನಲ್ಲಿ ಹತ್ತುವ ಸ್ಟೇಷನ್ ತಾಳಗುಪ್ಪ. ಅಲ್ಲಿ ನಾನು ಹತ್ತಿರಲಿಲ್ಲ. ಟಿಟಿಇ ನೋಡಿದರು, ಸೀಟು ಖಾಲಿ, ಬಂದಿಲ್ಲ ಅಂತ ಗುರುತು ಹಾಕಿ, ಪೂರ್ತಿ ಬರ್ತ್ ಸಿಗದೆ ಕಾಯುತ್ತಿದ್ದ ಆರ್‌ಎಸಿಯವರಿಗೆ ಕೊಟ್ಟರು. ನಾನು ದುಡ್ಡು ಕೊಟ್ಟಿದ್ದೇನೆ, ಒಂದೇ ಸ್ಟೇಷನ್ ವ್ಯತ್ಯಾಸ ಅಲ್ವಾ ಅಂತೆಲ್ಲ ವಾದಿಸಿದೆ. ಆದರೆ ನಿಯಮ ಅವರ ಕಡೆಗಿತ್ತು. ಬೋರ್ಡಿಂಗ್ ಪಾಯಿಂಟ್ ಬದಲಿಸುವ ಸೌಲಭ್ಯ ಟಿಕೆಟ್ ಮಾಡಿಸಿದ ಆ್ಯಪ್‌ನಲ್ಲೇ ಇದೆ. ಮೊದಲೇ ಮಾಡಬೇಕು ಅಷ್ಟೆ, ಎರಡು ನಿಮಿಷದ ಕೆಲಸ. ನಾನು ಮಾಡಲಿಲ್ಲ. ಬಾಗಿಲ ಹತ್ತಿರ ಬ್ಯಾಗ್ ಮೇಲೆ ಕೂತು ಬೀರೂರಿನವರೆಗೆ ಬಂದೆ. ಅಲ್ಲಿ ಯಾರೋ ಇಳಿದರು, ಒಂದು ಮೂಲೆ ಸಿಕ್ಕಿತು.

ಹಾಗಾಗಿ 'ಹತ್ತಿರದ ಸ್ಟೇಷನ್' ಅನ್ನುವ ಲೆಕ್ಕವನ್ನೇ ಬಿಡಿ. ಕಾರು ಬಂದು ಕಾಯುತ್ತಿದ್ದರೆ ಮಾತ್ರ ತಾಳಗುಪ್ಪ. ಇಲ್ಲದಿದ್ದರೆ ಸಾಗರ, ಎರಡೂ ಕಡೆಗೆ. ಹುಡುಕುವಾಗ 'ಸಾಗರ ಜಂಬಗಾರು' ಅಂತ ನೋಡಿ. ಮಧ್ಯಪ್ರದೇಶದಲ್ಲೂ ಒಂದು ಸಾಗರ್ ಇದೆ. ಬೆಳಿಗ್ಗೆ ಇಳಿದು, ಆಟೋದಲ್ಲಿ ಬಸ್ ಸ್ಟ್ಯಾಂಡಿಗೆ ಹೋಗಿ, ತಿಂಡಿ ಮುಗಿಸಿ ಜೋಗದ ಬಸ್ ಹತ್ತಿ. ಸ್ಟೇಷನ್ನಿನಲ್ಲಿ ಎರಡು ನಿಮಿಷ ನಿಲ್ಲಿ: 1951ರಲ್ಲಿ ಗೇಣಿದಾರ ರೈತರ ಕಾಗೋಡು ಸತ್ಯಾಗ್ರಹಕ್ಕೆ ಬಂದಿದ್ದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರನ್ನು ಬಂಧಿಸಿದ್ದು ಅಲ್ಲೇ.

ಮತ್ತೆ, ಬೇಸಿಗೆಯಲ್ಲಿ ಹೊರಟಿದ್ದರೆ ಈ ಟಿಕೆಟ್ ಚರ್ಚೆಯೇ ಸುಮ್ನೆ. ನೀರೆಲ್ಲ ಮೇಲಿನ ಲಿಂಗನಮಕ್ಕಿ ಅಣೆಕಟ್ಟೆಯಲ್ಲಿ ಇರುತ್ತದೆ, ನಿಮಗೆ ಕಾಣುವುದು ಬಂಡೆ.