ಜಾದೂ ಪ್ರಶ್ನೋತ್ತರ: ಬರೀ ಮಾತಿನಿಂದ ಮನಸ್ಸು ತಿರುಗಿಸಬಹುದಾ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಜನ ಕೇಳಿರುವುದು ಒಂದೇ ವಿಷಯ. ಕೈಚಳಕ ಬೇಡ, ಮನಶ್ಶಾಸ್ತ್ರದ ಜಾದೂ ಕಲಿಸಿ ಅಂತ. ಅದಕ್ಕೇ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಇವನ್ನೇ ಒಟ್ಟಿಗೆ ತಗೊಂಡಿದ್ದೇನೆ.

ಪ್ರಶ್ನೆ: ಸರ್, "1ರಿಂದ 50ರೊಳಗೆ ಎರಡಂಕಿಯ ಒಂದು ಸಂಖ್ಯೆ ನೆನೆಸಿಕೊಳ್ಳಿ, ಎರಡೂ ಬೆಸ ಅಂಕಿ, ಎರಡೂ ಬೇರೆ ಬೇರೆ" ಅಂದರೆ ಎಲ್ಲರೂ 37 ಅಂತಾರೆ ಎಂದು ಒಂದು ವಿಡಿಯೋದಲ್ಲಿ ನೋಡಿ ಕಲಿತೆ. ಮನೆಯಲ್ಲಿ ಅಕ್ಕ, ಅಮ್ಮ ಇಬ್ಬರೂ 37 ಅಂದರು. ಕಾಲೇಜ್ ಡೇ ದಿನ ಸ್ಟೇಜ್ ಮೇಲೆ ಬಂದ ಹುಡುಗ 19 ಅಂದ. ಎಲ್ಲರೂ ಗೊಳ್ ಅಂತ ನಕ್ಕರು. ಯಾವಾಗಲೂ 37 ಬರುವ ಹಾಗೆ ಹೇಳುವ ರೀತಿ ಇದೆಯಾ?
– ಬಿ.ಎಸ್‌ಸಿ. ವಿದ್ಯಾರ್ಥಿ, ಹಾಸನ

ಇಲ್ಲ. ಅಂಥ ರೀತಿ ಯಾರ ಹತ್ತಿರವೂ ಇಲ್ಲ.

ಮೊದಲು ಆಟ ಹೇಗೆ ನಡೆಯುತ್ತೆ ನೋಡಿ. 50 ಅಂದಾಗ ಹುಡುಗನಿಗೆ ಬೇಕಾದಷ್ಟು ಸಂಖ್ಯೆ ಇವೆ ಅನ್ನಿಸುತ್ತೆ. ಆದರೆ ಎರಡೂ ಬೆಸ, ಎರಡೂ ಬೇರೆ ಅಂದ ಕೂಡಲೇ ಉಳಿಯುವುದು ಎಂಟೇ: 13, 15, 17, 19, 31, 35, 37, 39. "ಉದಾಹರಣೆಗೆ 15 ಥರ" ಅಂತ ಮಧ್ಯೆ ಒಂದು ಮಾತು ಸೇರಿಸಿದರೆ ತುಂಬಾ ಜನ ಹತ್ತರ ಸಾಲನ್ನೇ ಬಿಟ್ಟುಬಿಡುತ್ತಾರೆ. ಆಗ ನಾಲ್ಕು ಉಳಿದವು. ಅದರಲ್ಲಿ 37ರ ಕಡೆ ಜನರ ಒಲವು ಜಾಸ್ತಿ, ಅದರ ನಂತರ 35. ಇಲ್ಲಿ ಮನಸ್ಸಿಗಿಂತ ಲೆಕ್ಕದ ಕೆಲಸವೇ ದೊಡ್ಡದು. ಒಲವು ಅನ್ನುವುದು ಒಲವು ಅಷ್ಟೇ, ಅದು ಕಟ್ಟುಪಾಡಲ್ಲ.

ನಿಮಗೆ ಇನ್ನೊಂದು ಲೆಕ್ಕ ಕೊಡ್ತೀನಿ. ಬ್ರಿಟನ್ನಿನ ಜಾದೂಗಾರ ಡೆರೆನ್ ಬ್ರೌನ್ ಮಾಡುವ ಒಂದು ಆಟವಿದೆ. ಮಾತಾಡ್ತಾ ಮಾತಾಡ್ತಾ ಗಾಳಿಯಲ್ಲಿ ಕೈಯಿಂದ ಡೈಮಂಡ್ ಆಕಾರ ಬಿಡಿಸಿ, ಎದುರಿಗಿರುವವರು ಇಸ್ಪೀಟಿನ ಡೈಮಂಡ್ ಮೂರನ್ನೇ ನೆನೆಸುವ ಹಾಗೆ ಮಾಡುವುದು. ಲಂಡನ್‌ನ ಗೋಲ್ಡ್‌ಸ್ಮಿತ್ಸ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞರಾದ ಆಲಿಸ್ ಪಾಯೆಸ್ ಮತ್ತು ಗುಸ್ಟಾವ್ ಕುನ್ ಇದನ್ನೇ ಪ್ರಯೋಗ ಮಾಡಿ ನೋಡಿ 2020ರಲ್ಲಿ ಪ್ರಕಟಿಸಿದರು. ನೂರಕ್ಕೆ ಸುಮಾರು 18 ಜನ ಅದೇ ಎಲೆಯನ್ನು ನೆನೆಸಿದರು. ಹೆಚ್ಚಿನವರಿಗೆ ತಮ್ಮ ಆಯ್ಕೆ ಪೂರ್ತಿ ತಮ್ಮದೇ ಅನ್ನಿಸಿತ್ತು. 52 ಎಲೆಯಲ್ಲಿ ಸುಮ್ನೆ ಊಹಿಸಿದರೆ ನೂರಕ್ಕೆ ಎರಡು ಕೂಡ ಸರಿಯಾಗಲ್ಲ, ಹಾಗಾಗಿ 18 ಅಂದರೆ ನಿಜಕ್ಕೂ ದೊಡ್ಡ ಮಾತು. ಮನಸ್ಸಿಗೆ ಗೊತ್ತಾಗದ ಹಾಗೆ ಅದನ್ನು ಒಂದು ಕಡೆ ತಳ್ಳಬಹುದು ಅನ್ನೋದಕ್ಕೆ ಇದು ಸಾಕ್ಷಿ. ಆದರೆ ಸ್ಟೇಜ್ ಮೇಲೆ ನಿಂತವನಿಗೆ? ನೂರರಲ್ಲಿ 82 ಸಲ ಆಟ ಕೈಕೊಡುತ್ತೆ. ಟೀವಿಯಲ್ಲಿ ಮಾಡುವವರು ಇದನ್ನೇ ನಂಬಿಕೊಂಡು ಕೂತಿರಲ್ಲ.

ಹಾಗಾದರೆ 37ನ್ನು ಬಿಟ್ಟುಬಿಡಬೇಕಾ? ಬೇಡ. ಒಬ್ಬರನ್ನು ಕೇಳಬೇಡಿ, ಹಾಲ್‌ನಲ್ಲಿರುವ ಎಲ್ಲರನ್ನೂ ಕೇಳಿ. "ನಾನು ಮೊದಲು 35 ಅಂದ್ಕೊಂಡೆ, ಆಮೇಲೆ ಮನಸ್ಸು ಬದಲಾಯಿಸಿ 37 ಮಾಡಿದೆ. 37 ನೆನೆಸಿದವರು ಕೈ ಎತ್ತಿ. 35 ಅಂದ್ಕೊಂಡವರೂ ಎತ್ತಿ." ಆಗ ಏಳುವ ಕೈಗಳನ್ನು ನೋಡಿ ಪಕ್ಕದವರಿಗೇ ರೋಮಾಂಚನವಾಗುತ್ತೆ. 19 ನೆನೆಸಿದವನು ತಾನೇ ಬೇರೆ ಅಂದ್ಕೊಂಡು ಸುಮ್ಮನಿರುತ್ತಾನೆ. ಇದನ್ನು ಶುರುವಿನಲ್ಲಿ ಜನರನ್ನು ಹುರಿದುಂಬಿಸಲು ಇಟ್ಟುಕೊಳ್ಳಿ. ಖಚಿತವಾಗಿ ಗೆಲ್ಲಬೇಕಾದ ಆಟವನ್ನು ಮಾತ್ರ ಕೈಕೆಲಸದ ಮೇಲೆ, ಇಲ್ಲವೇ ತಪ್ಪದ ಲೆಕ್ಕದ ಮೇಲೆ ಕಟ್ಟಿ. ನನ್ನ ಮಟ್ಟಿಗೆ ಇದರಲ್ಲಿ ರಾಜಿ ಇಲ್ಲ.

ಪ್ರಶ್ನೆ: ನಲವತ್ತು ದಾಟಿದ ಮೇಲೆ ಜಾದೂ ಕಲಿಯುತ್ತಿದ್ದೇನೆ. ಎಲ್ಲರೂ "ಜನರ ಗಮನ ಬೇರೆ ಕಡೆ ಸೆಳೆಯಿರಿ" ಅಂತಾರೆ. ನಾನು ಬಲಗೈ ಆಡಿಸಿದರೂ ಅವರು ಎಡಗೈಯನ್ನೇ ನೋಡ್ತಾರೆ. ನಿಜವಾಗಿ ಗಮನ ಸೆಳೆಯುವುದು ಹೇಗೆ?
– ಬ್ಯಾಂಕ್ ನೌಕರ, ಹುಬ್ಬಳ್ಳಿ

ಕೈ ಆಡಿಸಬೇಡಿ ಸರ್. ಸುಮ್ಮಸುಮ್ಮನೆ ಆಡಿದ ಕೈಯನ್ನು ಕಂಡರೆ ಜನರಿಗೆ ಅನುಮಾನ ಬರುತ್ತೆ. ನೀವು ಎಲ್ಲಿ ನೋಡ್ತೀರೋ ಅಲ್ಲಿ ಅವರು ನೋಡ್ತಾರೆ. ನೀವು ಪ್ರಶ್ನೆ ಕೇಳಿದರೆ ನಿಮ್ಮ ಮುಖ ನೋಡ್ತಾರೆ. ಈ ಎರಡು ಗೊತ್ತಿದ್ದರೆ ಮುಕ್ಕಾಲು ಕೆಲಸ ಆದ ಹಾಗೆ.

ಮೊದಲನೆಯದಕ್ಕೆ ಒಳ್ಳೆ ಸಾಕ್ಷಿ ಚೆಂಡಿನ ಆಟ. ಜಾದೂಗಾರ ಚೆಂಡನ್ನು ಎರಡು ಸಲ ಮೇಲೆಸೆದು ಹಿಡಿಯುತ್ತಾನೆ. ಮೂರನೇ ಸಲ ಎಸೆದ ಹಾಗೆ ಮಾಡಿ ಕೈಯಲ್ಲೇ ಬಚ್ಚಿಡುತ್ತಾನೆ. ಚೆಂಡು ಮೇಲೆ ಹೋಗಿ ಗಾಳಿಯಲ್ಲೇ ಮಾಯವಾಯಿತು ಅಂತ ಜನ ಹೇಳ್ತಾರೆ. 2006ರಲ್ಲಿ ಇದೇ ಕುನ್ ಮತ್ತು ಮೈಕೆಲ್ ಲ್ಯಾಂಡ್ ಇದನ್ನು ಪರೀಕ್ಷೆ ಮಾಡಿದರು. ಜಾದೂಗಾರ ತಲೆ ಎತ್ತಿ, ಇಲ್ಲದ ಚೆಂಡನ್ನು ಕಣ್ಣಲ್ಲಿ ಹಿಂಬಾಲಿಸಿದಾಗ ನೋಡಿದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಮೋಸಹೋದರು. ಅವನು ತನ್ನ ಕೈಯನ್ನೇ ನೋಡಿದಾಗ ಮೂರರಲ್ಲಿ ಒಂದೇ ಪಾಲು. ಕೈಕೆಲಸ ಅದೇ, ಬದಲಾದದ್ದು ಅವನ ನೋಟ ಅಷ್ಟೇ. ಇನ್ನೂ ವಿಶೇಷ ಏನು ಅಂದರೆ, ಚೆಂಡು ಮೇಲೆ ಹೋದದ್ದನ್ನು ಕಣ್ಣಾರೆ ಕಂಡೆ ಅಂದವರ ಕಣ್ಣು ಆ ಜಾಗಕ್ಕೆ ಹೋಗಿಯೇ ಇರಲಿಲ್ಲ. ಅವರು ಜಾದೂಗಾರನ ಮುಖ ನೋಡಿದ್ದರು.

ಎರಡನೆಯದಕ್ಕೆ ನೀವು ಇವತ್ತೇ ಮಾಡಬಹುದಾದ ಒಂದು ಆಟ ಹೇಳ್ತೀನಿ. ಇಸ್ಪೀಟ್ ಕಟ್ಟಿನ ಮೇಲಿನ ಎಲೆ ನಿಮಗೆ ಗೊತ್ತಿರಲಿ, ಆಟೀನ್ ರಾಣಿ ಅಂತಿಟ್ಟುಕೊಳ್ಳಿ. ಕಟ್ಟನ್ನು ಮೇಜಿನ ಮೇಲಿಟ್ಟು "ನಿಮಗೆ ಬೇಕಾದಷ್ಟು ಎತ್ತಿ ಪಕ್ಕಕ್ಕಿಡಿ" ಅನ್ನಿ. ಅವರು ಎತ್ತಿಟ್ಟ ಭಾಗದ ಮೇಲೆ, ಉಳಿದ ಭಾಗವನ್ನು ಅಡ್ಡಡ್ಡ ಇಡಿ. "ನೀವು ಎತ್ತಿದ ಜಾಗಕ್ಕೆ ಗುರುತು" ಅನ್ನಿ. ಈಗ ನಿಮ್ಮ ಕೈಗಳನ್ನು ಮೇಜಿನಿಂದ ಪೂರ್ತಿ ತೆಗೆದು, ಹಿಂದಕ್ಕೆ ಒರಗಿ, ಅವರ ಕಣ್ಣು ನೋಡಿ ಕೇಳಿ: "ಅರ್ಧಕ್ಕೇ ಯಾಕೆ ಎತ್ತಿದ್ರಿ? ಇನ್ನೂ ಕೆಳಗೆ ಎತ್ತಬಹುದಿತ್ತಲ್ವಾ?" ಅವರು ತಲೆ ಎತ್ತುತ್ತಾರೆ, ನಗುತ್ತಾರೆ, "ಸುಮ್ನೆ, ಹಾಗೇ ಅನ್ನಿಸ್ತು" ಅಂತಾರೆ. ಅವರು ಆ ಮಾತು ಹೇಳುವಷ್ಟರಲ್ಲಿ ಮೇಜಿನ ಮೇಲೆ ಯಾವ ಭಾಗ ಯಾವುದು ಅನ್ನುವುದು ಅವರ ತಲೆಯಿಂದ ಹೋಗಿರುತ್ತೆ. ಆಮೇಲೆ ಅಡ್ಡ ಇಟ್ಟ ಭಾಗವನ್ನು ಎತ್ತಿ, ಕೆಳಗಿನದರ ಮೇಲಿನ ಎಲೆ ತೋರಿಸಿ "ನೀವು ಎತ್ತಿದ ಜಾಗ, ನೋಡಿಕೊಳ್ಳಿ" ಅನ್ನಿ. ಅದು ಮೊದಲಿಂದ ಮೇಲಿದ್ದ ಆಟೀನ್ ರಾಣಿಯೇ.

ಮಧ್ಯದ ಆ ಪ್ರಶ್ನೆ ಇಲ್ಲದೆ ಮಾಡಿ ನೋಡಿ, ಸಣ್ಣ ಹುಡುಗರೂ ಹಿಡಿಯುತ್ತಾರೆ. ಆ ಪ್ರಶ್ನೆ ಎರಡು ಕೆಲಸ ಮಾಡುತ್ತೆ. ಅವರ ಕಣ್ಣನ್ನು ಎಲೆಯಿಂದ ಬಿಡಿಸುತ್ತೆ, ಜೊತೆಗೆ "ಬೇಕಾದ ಕಡೆ ಎತ್ತಿದ್ದು ನಾನೇ" ಅನ್ನುವುದನ್ನು ಅವರ ಬಾಯಿಂದಲೇ ಹೇಳಿಸುತ್ತೆ. ಅದು ನಿಜವೂ ಹೌದು, ಎತ್ತಿದ್ದು ಅವರೇ. ನಿಜವಾದ ಒಂದು ಮಾತಿನ ಪಕ್ಕದಲ್ಲಿ ಸುಳ್ಳು ತಾನಾಗಿ ಕೂತುಬಿಡುತ್ತೆ. ಅದನ್ನು ನೀವು ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ.

ಗಡಿಬಿಡಿ ಮಾತ್ರ ಬೇಡ. ನೀವು ಆರಾಮಾಗಿ ಒರಗಿದರೆ ಅವರೂ ಒರಗುತ್ತಾರೆ, ನೀವು ಬಿಗಿಯಾಗಿ ಕೂತರೆ ಅವರೂ ಮುಂದೆ ಬಾಗಿ ನೋಡುತ್ತಾರೆ.

ಪ್ರಶ್ನೆ: ನಾನು ಪ್ರಾಥಮಿಕ ಶಾಲೆ ಶಿಕ್ಷಕಿ. ಎರಡು ವಸ್ತುಗಳಲ್ಲಿ ಒಂದನ್ನು ಆರಿಸಿ ಅಂತ ಹೇಳಿ, ಅವರು ಯಾವುದನ್ನು ಮುಟ್ಟಿದರೂ ನಮಗೆ ಬೇಕಾದ್ದಕ್ಕೇ ತರುವ ಆಟ ಮಕ್ಕಳ ಹತ್ತಿರ ನಡೆಯಲ್ಲ. "ಮಿಸ್, ನಾನು ಅದನ್ನಲ್ವಾ ಆರಿಸಿದ್ದು!" ಅಂತ ಕೂಗುತ್ತಾರೆ.
– ಶಿಕ್ಷಕಿ, ಶಿರಸಿ

ಕೂಗಲಿ ಬಿಡಿ ಮೇಡಂ, ಅವರು ಹೇಳುತ್ತಿರುವುದು ಸರಿ! ಮಕ್ಕಳಿಗೆ "ಆರಿಸು" ಅಂದರೆ "ಅದು ನನ್ನದು" ಅಂತ. ದೊಡ್ಡವರ ಹತ್ತಿರವೂ ಆ ಪದ ಬಳಸಬೇಡಿ. "ಒಂದನ್ನು ನನ್ನ ಕಡೆ ಸರಿಸಿ" ಅನ್ನಿ. ಬೇಕಾದ್ದು ಬಂದರೆ "ಸರಿ, ಇದರಲ್ಲೇ ಮಾಡೋಣ". ಬೇಡದ್ದು ಬಂದರೆ ಅದನ್ನು ಜೇಬಿಗೆ ಹಾಕಿ "ಸರಿ, ನಿಮ್ಮ ಹತ್ತಿರ ಉಳಿದದ್ದನ್ನು ಕೈಗೆ ತಗೊಳ್ಳಿ". ಎರಡು ಸಲವೂ ದನಿ ಒಂದೇ ಥರ ಇರಬೇಕು, ಮಧ್ಯೆ ತಡೆಯಬಾರದು. ಒಂದೇ ಗುಂಪಿನ ಮುಂದೆ ಎರಡನೇ ಸಲ ಮಾಡಬಾರದು. ಸಣ್ಣ ಮಕ್ಕಳಿಗೆ ಮಾತ್ರ ಇದು ಬೇಡವೇ ಬೇಡ. ನಾಣ್ಯ ಮಾಯ ಮಾಡಿ, ಅವರ ಕೈಯಲ್ಲಿ ಬರಿಸಿ, ಮಂತ್ರ ಅವರಿಂದ ಹೇಳಿಸಿ.

ಪ್ರಶ್ನೆ: ಅಪಾರ್ಟ್‌ಮೆಂಟಿನ ಗಣೇಶೋತ್ಸವದಲ್ಲಿ ಮನಸ್ಸು ಓದುವ ಆಟ ಮಾಡಿದೆ. "ಇದು ಮ್ಯಾಜಿಕ್ ಅಲ್ಲ, ನಾನು ಮನಶ್ಶಾಸ್ತ್ರ ಓದಿದ್ದೇನೆ, ನಿಮ್ಮ ಮುಖದಲ್ಲಿ ಎಲ್ಲ ಕಾಣುತ್ತೆ" ಅಂದೆ. ಮರುದಿನ ಪಕ್ಕದ ಮನೆ ಆಂಟಿ ಬಂದು, "ನನ್ನ ಬಳೆ ಕಳೆದುಹೋಗಿದೆ, ಕೆಲಸದವಳನ್ನು ಕರೀತೀನಿ, ಅವಳ ಮುಖ ನೋಡಿ ಹೇಳಮ್ಮ" ಅಂದರು. ಏನು ಹೇಳಬೇಕು ತಿಳಿಯಲಿಲ್ಲ.
– ಸಾಫ್ಟ್‌ವೇರ್ ಉದ್ಯೋಗಿ, ಮೈಸೂರು

ಈ ಪತ್ರ ಓದಿ ನನಗೆ ನಿಜಕ್ಕೂ ಕಳವಳವಾಯಿತು. ಇವತ್ತೇ ಆ ಆಂಟಿ ಮನೆಗೆ ಹೋಗಿ, "ಅದು ಆಟ, ನನಗೆ ಮುಖ ನೋಡಿ ಕಳ್ಳರನ್ನು ಹಿಡಿಯಲು ಬರಲ್ಲ, ಯಾರಿಗೂ ಬರಲ್ಲ" ಅಂತ ಸ್ಪಷ್ಟವಾಗಿ ಹೇಳಿ. ಆಟದ ಗುಟ್ಟು ಹೇಳಬೇಕಿಲ್ಲ. ಆದರೆ ಅದು ಆಟ ಅನ್ನುವುದನ್ನು ಮುಚ್ಚಿಡುವ ಹಾಗಿಲ್ಲ. ನಿಮ್ಮ ಒಂದು ಮಾತಿಗೆ ಒಬ್ಬ ಹೆಣ್ಣುಮಗಳ ಕೆಲಸ ಹೋಗಬಹುದು, ಮಾನ ಹೋಗಬಹುದು.

ದೈವಶಕ್ತಿ ಅನ್ನದೆ ಮನಶ್ಶಾಸ್ತ್ರ ಅಂದರೆ ತಪ್ಪಿಲ್ಲ ಅಂತ ಈಗ ತುಂಬಾ ಕಲಾವಿದರು ಅಂದ್ಕೊಂಡಿದ್ದಾರೆ. ನಾನು ಒಪ್ಪಲ್ಲ. ಓದಿದವರು ಮಂತ್ರ ಅಂದರೆ ನಂಬಲ್ಲ, "ಕಣ್ಣಿನ ಚಲನೆ", "ದೇಹಭಾಷೆ" ಅಂದರೆ ನಂಬುತ್ತಾರೆ. ಕೆಲಸದ ಇಂಟರ್‌ವ್ಯೂನಲ್ಲಿ, ಮದುವೆ ಮಾತುಕತೆಯಲ್ಲಿ ಅದನ್ನೇ ಬಳಸಲು ಹೊರಡುತ್ತಾರೆ. ನಮ್ಮ ರಾಜ್ಯದಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರೀಕ್ಷೆಗೆ ಸಮಿತಿಯನ್ನೇ ಮಾಡಿದ್ದರು. ಹುಲಿಕಲ್ ನಟರಾಜ್ ಊರೂರಿಗೆ ಹೋಗಿ ಪವಾಡ ಅನ್ನಿಸಿಕೊಂಡದ್ದನ್ನೆಲ್ಲ ತಾವೇ ಮಾಡಿ ತೋರಿಸಿ, ಹೀಗೆ ಮಾಡುವುದು ಅಂತ ವಿವರಿಸಿದರು. ಅಂಥ ನೆಲದಲ್ಲಿ ನಿಂತು ವಿಜ್ಞಾನದ ಹೆಸರಲ್ಲಿ ಹೊಸ ಪವಾಡ ಹುಟ್ಟಿಸುವುದು ಸರಿಯಲ್ಲ.

ಶೋ ಶುರುವಿನಲ್ಲಿ ಒಂದೇ ಮಾತು ಸಾಕು: "ನಾನು ಜಾದೂಗಾರ್ತಿ. ಇವತ್ತು ಮನಸ್ಸು ಓದುವ ಹಾಗೆ ಆಟ ಆಡ್ತೀನಿ." ಇಷ್ಟು ಹೇಳಿದ್ದಕ್ಕೆ ಯಾರ ಬೆರಗೂ ಕಮ್ಮಿ ಆಗಿದ್ದನ್ನು ನಾನು ನೋಡಿಲ್ಲ.

ಪ್ರಶ್ನೆ: ಆಟ ಮುಗಿದ ಮೇಲೆ "ಆಗಿದ್ದನ್ನೆಲ್ಲ ಮತ್ತೆ ಒಂದು ಸಲ ಹೇಳಿ" ಅಂತ ನಮ್ಮ ಗುರುಗಳು ಹೇಳುತ್ತಾರೆ. ಯಾಕೆ? ಜನ ನೋಡಿದ್ದಾರಲ್ಲ?
– ಓದುಗ, ದಾವಣಗೆರೆ

ನೋಡಿದ್ದು ಬೇರೆ, ನೆನಪಿನಲ್ಲಿ ಉಳಿಯುವುದು ಬೇರೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರು ಅಪಘಾತದ ಫಿಲಂ ತೋರಿಸಿ, "ಎಷ್ಟು ವೇಗದಲ್ಲಿ ತಾಗಿದವು?" ಅಂತ ಕೆಲವರನ್ನು, "ಎಷ್ಟು ವೇಗದಲ್ಲಿ ಅಪ್ಪಳಿಸಿದವು?" ಅಂತ ಕೆಲವರನ್ನು ಕೇಳಿದರು. ಅಪ್ಪಳಿಸಿದವು ಅಂತ ಕೇಳಿಸಿಕೊಂಡವರು ಹೆಚ್ಚು ವೇಗ ಹೇಳಿದರು. ವಾರ ಬಿಟ್ಟು ಕೇಳಿದಾಗ, ಫಿಲಂನಲ್ಲಿ ಇಲ್ಲವೇ ಇಲ್ಲದ ಗಾಜಿನ ಚೂರು ನೋಡಿದೆ ಅಂದವರೂ ಅವರಲ್ಲೇ ಜಾಸ್ತಿ. ಜಾದೂವಿನಲ್ಲೂ ಇದೇ. ಬಾಗಿದ ಕೀಲಿಕೈಯನ್ನು ಮೇಜಿನ ಮೇಲಿಟ್ಟು "ಇನ್ನೂ ಬಾಗ್ತಾ ಇದೆ" ಅಂದ ವಿಡಿಯೋ ನೋಡಿ, ಅದು ಬಾಗುತ್ತಲೇ ಇತ್ತು ಅಂತ ಹಲವರು ಹೇಳಿದ್ದನ್ನು ರಿಚರ್ಡ್ ವೈಸ್‌ಮನ್ ಮತ್ತು ಎಮ್ಮಾ ಗ್ರೀನಿಂಗ್ 2005ರಲ್ಲಿ ವರದಿ ಮಾಡಿದರು.

ಹಾಗಾಗಿ ಮೇಲೆ ಹೇಳಿದಂಥ ಇಸ್ಪೀಟ್ ಆಟದಲ್ಲಿ, ಅವರ ಎಲೆ ಯಾವುದು ಅಂತ ಹೇಳುವ ಮುಂಚೆ ಆಗಿದ್ದನ್ನು ಚಿಕ್ಕದಾಗಿ ಹೇಳಿ. "ನೀವೇ ಕಲಸಿದ್ರಿ, ನೀವೇ ಎತ್ತಿದ್ರಿ, ನೀವೇ ನೋಡಿದ್ರಿ." ಕಲಸಿದ್ದು ಆ ಎಲೆಯನ್ನು ನೀವು ಮೇಲೆ ತರುವುದಕ್ಕೆ ಮುಂಚೆ ಅನ್ನೋದು ಅವರ ನೆನಪಿನಿಂದ ಬಿದ್ದುಹೋಗುತ್ತೆ. ಮೂರು ಮಾತಿಗಿಂತ ಜಾಸ್ತಿ ಬೇಡ, ಜಾಸ್ತಿಯಾದರೆ ಅನುಮಾನ.

ಪ್ರಶ್ನೆ: ಇದನ್ನೆಲ್ಲ ಒಬ್ಬನೇ ಅಭ್ಯಾಸ ಮಾಡುವುದು ಹೇಗೆ? ಕನ್ನಡಿ ಸಾಕಾ?
– ಓದುಗ, ಕಲಬುರಗಿ

ಕೈಗೆ ಕನ್ನಡಿ ಸಾಕು, ಮಾತಿಗೆ ಸಾಲದು. ಮನೆಯವರಿಗೋ ಸ್ನೇಹಿತರಿಗೋ ಆಟ ತೋರಿಸಿ, ಎರಡು ದಿನ ಬಿಟ್ಟು "ಅವತ್ತು ನಾನು ಏನು ಮಾಡಿದೆ ಹೇಳು" ಅಂತ ಕೇಳಿ. ಮಧ್ಯೆ ಬಾಯಿ ಹಾಕಬೇಡಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. "ನಾನೇ ಎತ್ತಿದೆ" ಅಂದರೆ ಸರಿಯಾಗಿದೆ. "ನೀನು ಎಲೆಗಳನ್ನು ಏನೋ ಅಡ್ಡ ಇಟ್ಟೆ" ಅಂದರೆ, ಆ ಅಡ್ಡ ಇಟ್ಟದ್ದಕ್ಕೂ ನೀವು ಕೇಳಿದ ಪ್ರಶ್ನೆಗೂ ನಡುವೆ ಎಷ್ಟು ಹೊತ್ತು ಬಿಟ್ಟಿರಿ ಅಂತ ನೋಡಿ. ಹೆಚ್ಚಿನ ಸಲ ತೊಂದರೆ ಅಲ್ಲೇ ಇರುತ್ತೆ, ಪ್ರಶ್ನೆ ತಡವಾಗಿ ಬಂದಿರುತ್ತೆ.