ಮರಾಠಿಯಿಂದ ಅನುವಾದಿಸಿದ ಪುಸ್ತಕವನ್ನು ಉಚಿತ ತಂತ್ರಾಂಶದಲ್ಲೇ ಪುಟ ಜೋಡಿಸಿ, ಗದಗಿನಲ್ಲಿ ನಾವೇ ಅಚ್ಚು ಹಾಕಿಸಬಹುದೇ?

ಖಂಡಿತ ಆಗುತ್ತದೆ. ಮೂಲ ಲೇಖಕರು ತೀರಿಕೊಂಡು 60 ವರ್ಷ ಆಗಿಲ್ಲ ಅಂದ್ರೆ ಮೊದಲು ಹಕ್ಕುದಾರರಿಂದ ಅನುಮತಿ ಪತ್ರ ತಗೊಳ್ಳಿ.

ಕರಡು ಟೈಪ್ ಮಾಡಲು ಲಿಬ್ರೆಆಫೀಸ್ ಸಾಕು. ಪುಟ ಕಟ್ಟಲು ಸ್ಕ್ರೈಬಸ್ ಒಳ್ಳೆಯದು, ಆದರೆ ಹಳೇ 1.4 ಬೇಡ. ಅದರಲ್ಲಿ ಒತ್ತಕ್ಷರ ಒಡೆಯುತ್ತವೆ. 1.5.3 ಅಥವಾ ನಂತರದ್ದು ಇರಲಿ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಆಗಿದ್ದರೆ ಯೂನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರಿನಲ್ಲೂ ನಡೆಯುವ ಅಕ್ಷರ ಸಂಕೇತಕ್ಕೆ, ಬದಲಿಸಿ. ಆಮೇಲೆ ‘ಧರ್ಮ’, ‘ಕಾರ್ಯ’ದಂಥ ಅರ್ಕಾವೊತ್ತಿನ ಪದಗಳನ್ನು ಒಂದೊಂದಾಗಿ ನೋಡಿ. ತಪ್ಪು ನುಸುಳುವುದು ಅಲ್ಲೇ ಜಾಸ್ತಿ. ಈ ಕೆಲಸಕ್ಕೆ ಅವಸರ ಮಾಡಬೇಡಿ, ಓದುಗರಿಗೆ ಮೊದಲು ಕಾಣುವುದೇ ಅದು.

ಡೆಮಿ ಅಳತೆ, ಅಂದರೆ 5.5 x 8.5 ಇಂಚು ಇಡಿ. ಫಾಂಟ್ ಒಳಗೇ ಸೇರಿದ ಪಿಡಿಎಫ್ ಅನ್ನು ಪ್ರೆಸ್ಸಿಗೆ ಕೊಡಿ. ಐಎಸ್‌ಬಿಎನ್‌ಗೆ (ಪುಸ್ತಕದ ಗುರುತಿನ ಸಂಖ್ಯೆಗೆ) ನಮ್ಮ ದೇಶದಲ್ಲಿ ದುಡ್ಡು ಕೊಡಬೇಕಿಲ್ಲ, ಆನ್‌ಲೈನಲ್ಲೇ ಅರ್ಜಿ ಹಾಕಿ.