ಏರಿನಲ್ಲಿ ಎಲೆಕ್ಟ್ರಿಕ್ ಕಾರು ಹಿಡಿದು ನಿಲ್ಲಿಸುವುದು ಹೇಗೆ?

ಪ್ರಶ್ನೆ: ಹೊಸದಾಗಿ ಎಲೆಕ್ಟ್ರಿಕ್ ಕಾರು ಕೊಂಡಿದ್ದೇನೆ. ಏರುರಸ್ತೆಯ ಸಿಗ್ನಲ್‌ನಲ್ಲಿ ಬ್ರೇಕ್ ಬಿಟ್ಟು, ಆಕ್ಸಿಲರೇಟರನ್ನೇ ಒಂಚೂರು ಒತ್ತಿಕೊಂಡು ಕಾರು ಹಿಂದೆ ಜಾರದಂತೆ ನಿಲ್ಲಿಸುತ್ತೇನೆ. ಕ್ಲಚ್ ಇಲ್ಲವಲ್ಲ, ಸವೆಯುವುದು ಏನಿದೆ? ಆದರೆ ಮೋಟರ್ ಸುಟ್ಟುಹೋಗುತ್ತದೆ ಅಂತ ಗೆಳೆಯ ಹೆದರಿಸಿದ್ದಾನೆ. ನಿಜವೇ?

ಉತ್ತರ: ಸವೆಯುವುದಿಲ್ಲ, ಸರಿ. ಆದರೆ ಬಿಸಿಯಾಗುತ್ತದೆ. ಕಾರು ಜಾರದಿರಬೇಕಾದರೆ ಮೋಟರ್ ಚಕ್ರವನ್ನು ಮುಂದಕ್ಕೆ ನೂಕುತ್ತಲೇ ಇರಬೇಕು, ಅದಕ್ಕೆ ಕರೆಂಟು ಬೇಕು. ಚಕ್ರ ಒಂದಿಂಚೂ ತಿರುಗದ ಕಾರಣ ಆ ಕರೆಂಟೆಲ್ಲ ಶಾಖವಾಗುತ್ತದೆ.

ಶಾಖ ಒಂದೇ ಕಡೆ ಸೇರುವುದು ಇನ್ನೊಂದು ತೊಂದರೆ. ಈಗಿನ ಬಹುತೇಕ ಕಾರುಗಳ ಕಾಯಂ ಅಯಸ್ಕಾಂತದ ಮೋಟರಿನಲ್ಲಿ ಮೂರು ಫೇಸ್, ಅಂದರೆ ತಾಮ್ರದ ಸುರುಳಿಗಳ ಮೂರು ಗುಂಪು, ಇರುತ್ತವೆ. ತಿರುಗುವಾಗ ಮೂರೂ ಸರದಿಯಂತೆ ಭಾರ ಹೊರುತ್ತವೆ. ನಿಂತರೆ ಸರದಿಯೂ ನಿಂತಿತು. ರೋಟರ್ (ಮೋಟರಿನೊಳಗೆ ತಿರುಗುವ ಭಾಗ) ನಿಂತ ಜಾಗ ಕೆಟ್ಟದಾಗಿದ್ದರೆ ಒಂದೇ ಫೇಸ್ ಗರಿಷ್ಠ ಕರೆಂಟು ಹೊತ್ತು ಕೂರುತ್ತದೆ. ಅದರ ಶಾಖ ತಿರುಗುವಾಗಿನ ಸರಾಸರಿಯ ಎರಡು ಪಟ್ಟು. ಮೊದಲು ಸುಸ್ತಾಗುವುದು ಮೋಟರ್ ಅಲ್ಲ, ಬ್ಯಾಟರಿಯ ಕರೆಂಟನ್ನು ಮೋಟರಿಗೆ ಬೇಕಾದಂತೆ ಬದಲಿಸಿ ಕೊಡುವ ಇನ್ವರ್ಟರ್! ತಾಮ್ರದ ಸುರುಳಿ ಕಾಯಲು ಹೊತ್ತು ಬೇಕು. ಇನ್ವರ್ಟರಿನ ಪುಟ್ಟ ಚಿಪ್‌ಗಳಿಗೆ ಸೆಕೆಂಡುಗಳೇ ಜಾಸ್ತಿ.

ಹಾಗಂತ ಗಾಬರಿ ಬೇಡ. 100 ಮೀಟರಿಗೆ 10 ಮೀಟರ್ ಏರುವ ದಾರಿಯಲ್ಲಿ 1500 ಕೆ.ಜಿ. ಕಾರನ್ನು ಹಿಂದಕ್ಕೆ ಎಳೆಯುವ ಬಲ ಸುಮಾರು 150 ಕೆ.ಜಿ. ಭಾರದಷ್ಟು. ಗೇರಿನ ನೆರವಿರುವ ಮೋಟರಿಗೆ ಎರಡು ಮೂರು ಸೆಕೆಂಡು ಇದು ದೊಡ್ಡದಲ್ಲ. ಏರು ಇದರ ಎರಡರಷ್ಟು ಕಡಿದಾದರೆ ಕರೆಂಟೂ ಹೆಚ್ಚುಕಡಿಮೆ ಎರಡರಷ್ಟು, ಶಾಖ ಮಾತ್ರ ನಾಲ್ಕರಷ್ಟು. ತೀರಾ ಕಾದರೆ ಕಂಟ್ರೋಲರ್ ತಾನೇ ಕರೆಂಟು ತಗ್ಗಿಸುತ್ತದೆ. ಮೋಟರ್ ಬಚಾವ್, ಕಾರು ಹಿಂದಕ್ಕೆ! ಬೆನ್ನಿಗೆ ಬೈಕೊಂದು ನಿಂತಿದ್ದರೆ? ನನಗೆ ಮೋಟರಿಗಿಂತ ಅದರದ್ದೇ ಚಿಂತೆ.

ಸುಮ್ನೆ ಬ್ರೇಕ್ ಒತ್ತಿ. ಆಟೋ ಹೋಲ್ಡ್ ಇದ್ದರೆ ಆನ್ ಮಾಡಿಕೊಳ್ಳಿ. ಅದು ಚಕ್ರದ ಬ್ರೇಕಿನಿಂದಲೇ ಹಿಡಿಯುತ್ತದೆ, ಮೋಟರಿಗೆ ಪೂರ್ತಿ ಬಿಡುವು. ಹಿಲ್ ಹೋಲ್ಡ್ ಬೇರೆ. ಕಾಲು ಬ್ರೇಕಿನಿಂದ ಆಕ್ಸಿಲರೇಟರಿಗೆ ಹೋಗುವಷ್ಟು ಹೊತ್ತು ಮಾತ್ರ ಅದರ ಕೆಲಸ. ಒಂದೇ ಪೆಡಲಿನಲ್ಲಿ ಓಡಿಸುವ ಮೋಡ್ ಇದ್ದರೆ, ಕಾರು ನಿಂತ ಮೇಲೆ ಬ್ರೇಕ್ ಹಿಡಿಯುತ್ತದೆಯೇ ಅಂತ ಕೈಪಿಡಿಯಲ್ಲಿ ನೋಡಿಕೊಳ್ಳಿ. ಎಲ್ಲ ಕಾರುಗಳೂ ಒಂದೇ ತರಹ ಇಲ್ಲ.

ಏರಿನಲ್ಲಿ ಪಾರ್ಕ್ ಮಾಡುವಾಗ ಮೊದಲು ಹ್ಯಾಂಡ್‌ಬ್ರೇಕ್, ಆಮೇಲೆ ಗೇರ್ ಪಿ (ಪಾರ್ಕ್)ಗೆ. ಇಲ್ಲದಿದ್ದರೆ ಕಾರಿನ ಭಾರವೆಲ್ಲ ಗೇರ್‌ಬಾಕ್ಸ್ ಒಳಗಿನ ಒಂದು ಸಣ್ಣ ಕೊಂಡಿಯ ಮೇಲೆ ಬೀಳುತ್ತದೆ.